ಕಾರಿನ ‘ಫೈಬರ್’ ಬಿರುಕಿಗೆ ಸೂಪರ್ ಗ್ಲೂ, ಅಡುಗೆ ಸೋಡಾ ಸಾಕೇ? ಮನೆಯಲ್ಲೇ ರಿಪೇರಿಗೆ ಇಳಿಯುವ ಮುನ್ನ ಇದನ್ನು ಓದಿ

ಬಂಪರ್‌ನ ಬಿರುಕಿನ ಮೇಲೆ ಒಂದು ಚಿಟಿಕೆ ಅಡುಗೆ ಸೋಡಾ, ಅದರ ಮೇಲೆ ನಾಲ್ಕು ಹನಿ ಸೂಪರ್ ಗ್ಲೂ. ಕ್ಷಣದಲ್ಲಿ ಕಲ್ಲಿನಂತೆ ಗಟ್ಟಿ. ಉಜ್ಜಿ ಬಣ್ಣ ಹೊಡೆದರೆ ಕಾರು ಹೊಸದರಂತೆ ಫಳಫಳ. ಗ್ಯಾರೇಜಿನವರು ಹೇಳದ ಗುಟ್ಟು ಎಂಬ ಅಡಿಬರಹದೊಂದಿಗೆ ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ತಗ್ಗಾದ ಬಂಪರ್‌ಗೆ ಕುದಿಯುವ ನೀರು ಸುರಿದು ಸರಿಪಡಿಸುವುದು, ಗಾಜಿನ ಬಟ್ಟೆಗೆ ರೆಸಿನ್ ಬಳಿದು ಒಡೆದ ಬಾಡಿಯನ್ನು ಹತ್ತು ನಿಮಿಷದಲ್ಲಿ ಕೂಡಿಸುವುದು, ಹೀಗೆ ಇದರ ಅಣ್ಣತಮ್ಮಂದಿರೂ ಸಾಕಷ್ಟಿವೆ.

ಇವೆಲ್ಲ ಸುಳ್ಳೇ? ಪೂರ್ತಿ ಸುಳ್ಳಲ್ಲ. ಕುದಿಯುವ ನೀರು ಕೆಲವು ಬಂಪರ್‌ಗಳ ತಗ್ಗನ್ನು ನಿಜಕ್ಕೂ ಸರಿ ಮಾಡುತ್ತದೆ. ಗಾಜಿನ ಬಟ್ಟೆ ಮತ್ತು ರೆಸಿನ್ ಬಳಸಿ ಮಾಡುವ ರಿಪೇರಿಯಂತೂ ದಶಕಗಳಿಂದ ಇರುವ, ಸರಿಯಾದ ವಿಧಾನ. ತೊಂದರೆ ಎರಡು ಕಡೆ ಇದೆ. ಒಂದು, ವಿಡಿಯೊದಲ್ಲಿರುವ ವಸ್ತು ಯಾವುದು, ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ಯಾರೂ ಹೇಳುವುದಿಲ್ಲ. ಎರಡು, ಈ ಕೆಲಸದಲ್ಲಿ ಕಣ್ಣು ಕಳೆಯಬಲ್ಲ ಒಂದು ರಾಸಾಯನಿಕವಿದೆ. ಅದರ ಬಗ್ಗೆ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಒಂದು ಮಾತೂ ಇರುವುದಿಲ್ಲ.

ನಾವು ‘ಫೈಬರ್’ ಎನ್ನುವುದೆಲ್ಲ ಫೈಬರ್ ಅಲ್ಲ

ನಮ್ಮ ಕಡೆ ಲೋಹವಲ್ಲದ, ಗಟ್ಟಿಯಾದ ಬಾಡಿ ಭಾಗಗಳಿಗೆಲ್ಲ ‘ಫೈಬರ್’ ಎಂದೇ ಹೆಸರು. ಸ್ಕೂಟರಿನ ಪ್ಯಾನೆಲ್ ಫೈಬರ್, ಕಾರಿನ ಬಂಪರ್ ಫೈಬರ್, ಬಚ್ಚಲುಮನೆಯ ಬಾಗಿಲೂ ಫೈಬರ್. ಆದರೆ ಇವು ಒಂದೇ ವಸ್ತುವಲ್ಲ.

ಇಂದಿನ ಬಹುತೇಕ ಕಾರುಗಳ ಬಂಪರ್ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದು. ಇದಕ್ಕೆ ರಬ್ಬರಿನಂಥ ವಸ್ತು ಮತ್ತು ಟಾಲ್ಕ್ ಪುಡಿ ಬೆರೆಸಿ, ಕರಗಿಸಿ, ಅಚ್ಚಿಗೆ ಒತ್ತಿ ತಯಾರಿಸುತ್ತಾರೆ. ಸ್ಕೂಟರ್ ಪ್ಯಾನೆಲ್‌ಗಳಲ್ಲಿ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಸಾಮಾನ್ಯ. 2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾದ ಹೊರಕವಚವೂ ಎಬಿಎಸ್‌ನದೇ.

ನಿಜವಾದ ಫೈಬರ್‌ಗ್ಲಾಸ್ ಬೇರೆಯೇ ಜಾತಿ. ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆಗಳನ್ನು ಹಾಸಿ, ಅದಕ್ಕೆ ದ್ರವರೂಪದ ರೆಸಿನ್ ಕುಡಿಸಿ, ಗಟ್ಟಿಯಾಗಲು ಬಿಟ್ಟರೆ ಸಿಗುವ ಪದರ ಪದರದ ವಸ್ತು ಅದು. ಮನೆ ಕಟ್ಟಿಸಿದವರಿಗೆ ಇದರ ಗುಟ್ಟು ಬೇಗ ಅರ್ಥವಾಗುತ್ತದೆ. ಆರ್‌ಸಿಸಿಯಲ್ಲಿ ಕಂಬಿ ಮಾಡುವ ಕೆಲಸವನ್ನು ಇಲ್ಲಿ ಗಾಜಿನ ಎಳೆ ಮಾಡುತ್ತದೆ, ಕಾಂಕ್ರೀಟಿನ ಕೆಲಸವನ್ನು ರೆಸಿನ್ ಮಾಡುತ್ತದೆ. ಎಳೆದಾಟವನ್ನು ತಡೆಯುವುದು ಎಳೆ, ಎಳೆಗಳನ್ನು ಜಾಗದಲ್ಲಿ ಹಿಡಿದಿಡುವುದು ರೆಸಿನ್.

ಫೈಬರ್‌ಗ್ಲಾಸ್ ಕಾರು ಬೆಂಗಳೂರಿನಲ್ಲೂ ಹುಟ್ಟಿತ್ತು

ಫೈಬರ್‌ಗ್ಲಾಸ್ ಬಾಡಿಯ ಕಾರುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಶೆವರ್ಲೆ ಕಾರ್ವೆಟ್. 1953ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ತಯಾರಾದ ಮೊದಲ ವರ್ಷದ ಕಾರುಗಳು ಬರೀ 300. ಬ್ರಿಟನ್ನಿನಲ್ಲಿ ಲೋಟಸ್ ಕಂಪನಿ 1957ರಲ್ಲಿ ತೋರಿಸಿದ ಎಲೀಟ್ ಕಾರಿನಲ್ಲಿ ಹೊರಕವಚವಷ್ಟೇ ಅಲ್ಲ, ಭಾರ ಹೊರುವ ಅಸ್ಥಿಪಂಜರವೂ ಬಹುಪಾಲು ಫೈಬರ್‌ಗ್ಲಾಸೇ ಆಗಿತ್ತು. ಅದೇ ದೇಶದ ರಿಲಯಂಟ್ ಕಂಪನಿ ಮೂರು ಚಕ್ರದ ರಾಬಿನ್, ನಾಲ್ಕು ಚಕ್ರದ ಕಿಟನ್ ಕಾರುಗಳನ್ನು ಫೈಬರ್‌ಗ್ಲಾಸ್‌ನಲ್ಲೇ ಮಾಡಿತು.

ಆ ಕಿಟನ್ ನಮ್ಮೂರಿಗೂ ಬಂತು. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1980ರ ದಶಕದಲ್ಲಿ ಅದನ್ನೇ ಆಧರಿಸಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಕಾರು ತಯಾರಿಸಿತು. ಅದಕ್ಕೂ ಮುನ್ನ 1970ರ ದಶಕದಲ್ಲಿ ಇದೇ ಕಂಪನಿ ಬಾದಲ್ ಎಂಬ ಮೂರು ಚಕ್ರದ ಕಾರನ್ನು ಮಾಡಿತ್ತು. ಅದೂ ಫೈಬರ್‌ಗ್ಲಾಸ್ ಬಾಡಿಯದೇ.

ಸಣ್ಣ ಕಂಪನಿಗಳು ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ಸರಳ. ತಗಡನ್ನು ಒತ್ತಿ ಕಾರಿನ ಆಕಾರ ಕೊಡಲು ದೈತ್ಯ ಪ್ರೆಸ್ ಯಂತ್ರಗಳು, ದುಬಾರಿ ಅಚ್ಚುಗಳು ಬೇಕು. ಫೈಬರ್‌ಗ್ಲಾಸ್‌ಗೆ ಒಂದು ಅಚ್ಚು, ಬ್ರಶ್ಶು, ಕೆಲಸ ಬಲ್ಲ ಕೈ ಇದ್ದರೆ ಸಾಕು. ತುಕ್ಕೂ ಹಿಡಿಯುವುದಿಲ್ಲ. ಇದೇ ಕಾರಣಕ್ಕೆ ಇವತ್ತಿಗೂ ಬಸ್ಸುಗಳ ಮುಂಭಾಗ ಮತ್ತು ಹಿಂಭಾಗದ ಮುಖವಾಡ, ಜೀಪಿನ ಗಟ್ಟಿ ಟಾಪ್, ಮಲ್ಪೆ ಮತ್ತು ಮಂಗಳೂರಿನ ಮೀನುಗಾರಿಕೆ ದೋಣಿ, ಮಾರ್ಪಾಡು ಮಾಡಿದ ಕಾರುಗಳ ಸ್ಪಾಯ್ಲರ್‌ಗಳಲ್ಲಿ ಫೈಬರ್‌ಗ್ಲಾಸ್ ಕಾಣಸಿಗುತ್ತದೆ. ಅಂದರೆ, ನಿಮ್ಮ ಕಾರಿನ ಬಂಪರ್ ಕಂಪನಿಯದೇ ಆಗಿದ್ದರೆ ಅದು ಪ್ಲಾಸ್ಟಿಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಆಮೇಲೆ ಹಾಕಿಸಿದ ಬಾಡಿ ಕಿಟ್, ಸ್ಪಾಯ್ಲರ್, ಹಾರ್ಡ್‌ಟಾಪ್ ಆಗಿದ್ದರೆ ಫೈಬರ್‌ಗ್ಲಾಸ್ ಇರಬಹುದು.

ಯಾವುದೆಂದು ಗುರುತಿಸುವುದು ಹೇಗೆ?

ಮೊದಲು ಒಡೆದ ಭಾಗದ ಹಿಂಬದಿ ನೋಡಿ. ಎರಡೂ ಕಡೆ ನುಣುಪಾಗಿದ್ದು, ಅಚ್ಚಿನ ಗೆರೆ ಮತ್ತು ಅಕ್ಷರಗಳಿದ್ದರೆ ಅದು ಪ್ಲಾಸ್ಟಿಕ್. ಹಿಂಬದಿ ಒರಟಾಗಿದ್ದು, ಒಣಹುಲ್ಲು ಚೆಲ್ಲಿದಂತೆ ಎಳೆಗಳು ಅಡ್ಡಾದಿಡ್ಡಿ ಕಂಡರೆ ಅದು ಫೈಬರ್‌ಗ್ಲಾಸ್.

ಎರಡನೆಯದು ಗುರುತು. ಕಂಪನಿಯ ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲಿ ಎರಡು ಬಾಣದ ಮೊನೆಗಳ ನಡುವೆ ಇಂಗ್ಲಿಷ್ ಅಕ್ಷರಗಳನ್ನು ಮೂಡಿಸಿರುತ್ತಾರೆ. ಪಿಪಿ ಎಂದಿದ್ದರೆ ಪಾಲಿಪ್ರೊಪಿಲೀನ್, ಎಬಿಎಸ್ ಎಂದಿದ್ದರೆ ಎಬಿಎಸ್. ಜಿಎಫ್ ಎಂಬ ಅಕ್ಷರ ಸೇರಿದ್ದರೆ ಗಾಜಿನ ಎಳೆ ಬೆರೆಸಿದ್ದಾರೆ ಎಂದರ್ಥ. ಆದರೆ ಜಿಎಫ್ ಇದ್ದ ಮಾತ್ರಕ್ಕೆ ಅದು ಪದರ ಪದರದ ಫೈಬರ್‌ಗ್ಲಾಸ್ ಎಂದಲ್ಲ. ಸಣ್ಣ ಗಾಜಿನ ಚೂರು ಬೆರೆಸಿದ ಪ್ಲಾಸ್ಟಿಕ್ಕಿಗೂ ಇದೇ ಗುರುತು ಇರುತ್ತದೆ.

ಮೂರನೆಯದು, ಮೂಲೆಯಲ್ಲಿ ಕಾಣದ ಜಾಗದಲ್ಲಿ ಸ್ವಲ್ಪ ಉಜ್ಜಿ ನೋಡುವುದು. ಪಾಲಿಪ್ರೊಪಿಲೀನ್ ಮೇಣದಂತೆ ನೂಲು ನೂಲಾಗಿ ಏಳುತ್ತದೆ. ಫೈಬರ್‌ಗ್ಲಾಸ್ ಬಿಳಿ ಪುಡಿಯಾಗಿ ಉದುರುತ್ತದೆ. ಇದನ್ನು ಮಾಡುವಾಗಲೂ ಮಾಸ್ಕ್ ಇರಲಿ. ಚೂರಿಗೆ ಬೆಂಕಿ ಹಚ್ಚಿ ವಾಸನೆ ನೋಡಿ ಎಂಬ ಸಲಹೆಯನ್ನು ಮಾತ್ರ ಪಾಲಿಸಬೇಡಿ. ಆ ಹೊಗೆ ಉಸಿರಾಡುವಂಥದ್ದಲ್ಲ.

ಹೆಸರು ತಪ್ಪಿದರೆ ದುಡ್ಡಿನ ಲೆಕ್ಕವೂ ತಪ್ಪುತ್ತದೆ

ಪ್ಲಾಸ್ಟಿಕ್ಕೋ ಫೈಬರ್‌ಗ್ಲಾಸೋ ಎಂಬುದು ಬರೀ ಪಂಡಿತರ ಜಗಳವಲ್ಲ. ನಮ್ಮ ದೇಶದ ಸಾಮಾನ್ಯ ಮೋಟಾರು ವಿಮೆಯಲ್ಲಿ ಬಿಡಿಭಾಗ ಬದಲಿಸಿದಾಗ ಸವಕಳಿ ಎಂದು ಒಂದಷ್ಟು ಹಣ ಕಡಿತ ಮಾಡುತ್ತಾರೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇ 50, ಫೈಬರ್‌ಗ್ಲಾಸ್ ಭಾಗಗಳಿಗೆ ಶೇ 30, ಗಾಜಿಗೆ ಕಡಿತವೇ ಇಲ್ಲ. 10,000 ರೂಪಾಯಿಯ ಭಾಗ ಪ್ಲಾಸ್ಟಿಕ್ ಎಂದು ನಮೂದಾದರೆ ನಿಮ್ಮ ಜೇಬಿನಿಂದ 5,000, ಫೈಬರ್‌ಗ್ಲಾಸ್ ಎಂದಾದರೆ 3,000. ಸವಕಳಿ ಕಡಿತವಿಲ್ಲದ ಹೆಚ್ಚುವರಿ ಪಾಲಿಸಿ ಮಾಡಿಸಿದ್ದರೆ ಲೆಕ್ಕ ಬೇರೆ. ಎಸ್ಟಿಮೇಟ್ ಚೀಟಿಯಲ್ಲಿ ಸುಮ್ಮನೆ ‘ಫೈಬರ್’ ಎಂದು ಬರೆದಿದ್ದರೆ ಅದು ಯಾವುದೆಂದು ಕೇಳುವುದು ನಿಮ್ಮ ಹಕ್ಕು.

ಕುದಿಯುವ ನೀರು: ಕೊಬ್ಬರಿ ಎಣ್ಣೆ ಮತ್ತು ಇಡ್ಲಿಯ ವ್ಯತ್ಯಾಸ

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಿಸಿ ತಾಗಿದರೆ ಕರಗುತ್ತದೆ, ತಣಿದರೆ ಮತ್ತೆ ಗಟ್ಟಿಯಾಗುತ್ತದೆ. ಎಷ್ಟು ಸಲ ಬೇಕಾದರೂ ಹೀಗೆ ಮಾಡಬಹುದು. ಆದರೆ ಬೆಂದ ಇಡ್ಲಿಯನ್ನು ಎಷ್ಟು ಬಿಸಿ ಮಾಡಿದರೂ ಅದು ಮತ್ತೆ ಹಿಟ್ಟಾಗುವುದಿಲ್ಲ.

ಪಾಲಿಪ್ರೊಪಿಲೀನ್, ಎಬಿಎಸ್ ಮೊದಲ ಗುಂಪಿನವು. ಬಿಸಿಗೆ ಮೆತ್ತಗಾಗುತ್ತವೆ. ಅದಕ್ಕೇ ಒಳಕ್ಕೆ ತಗ್ಗಾದ, ಆದರೆ ಸೀಳದ ಪ್ಲಾಸ್ಟಿಕ್ ಬಂಪರ್‌ಗೆ ಬಿಸಿನೀರು ಸುರಿದು ಹಿಂದಿನಿಂದ ಒತ್ತಿದರೆ ಅದು ಹಳೆಯ ಆಕಾರಕ್ಕೆ ಮರಳಬಹುದು. ಪಾಲಿಯೆಸ್ಟರ್ ರೆಸಿನ್ ಎರಡನೇ ಗುಂಪಿನದು. ಒಮ್ಮೆ ಗಟ್ಟಿಯಾದರೆ ಅದರ ಅಣುಗಳ ನಡುವೆ ಬಿದ್ದ ಗಂಟು ಬಿಸಿನೀರಿಗೆ ಬಿಚ್ಚುವುದಿಲ್ಲ. ಮೇಲಾಗಿ ಫೈಬರ್‌ಗ್ಲಾಸ್ ತಗಡಿನಂತೆ ತಗ್ಗಾಗುವುದೇ ಇಲ್ಲ. ಸ್ವಲ್ಪ ಬಾಗಿ ವಾಪಸ್ ಬರುತ್ತದೆ, ಮಿತಿ ಮೀರಿದರೆ ಬಿರಿಯುತ್ತದೆ. ತುಂಡಾದ ಗಾಜಿನ ಎಳೆಗಳನ್ನು ಬಿಸಿನೀರು ಕೂಡಿಸಲಾರದು. ಒಂದು ಕೊಡ ಕುದಿಯುವ ನೀರಿನಿಂದ ಕೈಕಾಲು ಸುಟ್ಟುಕೊಳ್ಳುವ ಅಪಾಯವಂತೂ ಎರಡರಲ್ಲೂ ಇದೆ.

ಸೂಪರ್ ಗ್ಲೂ ಮತ್ತು ಸೋಡಾ: ಗಟ್ಟಿ ಹೌದು, ಬಾಳಿಕೆ ಇಲ್ಲ

ಸೋಡಾ ಹಾಕಿದೊಡನೆ ಗ್ಲೂ ಗಟ್ಟಿಯಾಗುವುದು ಕಣ್ಕಟ್ಟಲ್ಲ. ಸೂಪರ್ ಗ್ಲೂವಿನ ಮುಖ್ಯ ವಸ್ತು ಸಯನೊಅಕ್ರಿಲೇಟ್. ಗಾಳಿಯ ತೇವ ತಾಗಿದರೂ ಅದರ ಅಣುಗಳು ಸರಪಳಿ ಕಟ್ಟತೊಡಗುತ್ತವೆ. ಸೋಡಾದ ಕ್ಷಾರ ಗುಣ ಇದನ್ನು ಬಹಳ ವೇಗಗೊಳಿಸುತ್ತದೆ, ಜೊತೆಗೆ ಬಿಸಿಯೂ ಏಳುತ್ತದೆ. ಸಿಗುವ ಗಂಟು ಕಲ್ಲಿನಷ್ಟು ಗಟ್ಟಿ, ಕಲ್ಲಿನಷ್ಟೇ ಬಾಗದ ಜಾತಿ.

ಕಾರಿನ ಬಾಡಿಗೆ ಬೇಕಾದದ್ದು ಬರೀ ಗಡಸುತನವಲ್ಲ. ಹಂಪ್ ಹಾರಿದಾಗ, ಬಾಗಿಲು ಬಡಿದಾಗ, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿದಾಗ ಅದು ಸ್ವಲ್ಪ ಬಾಗಬೇಕು. ಸುತ್ತಲಿನದು ಬಾಗಿ, ನಡುವಿನ ಗಂಟು ಬಾಗದಿದ್ದರೆ ಅದರ ಅಂಚಿನಲ್ಲೇ ಹೊಸ ಬಿರುಕು. ಪಾಲಿಪ್ರೊಪಿಲೀನ್ ಮೇಲಂತೂ ಸಾಮಾನ್ಯ ಗೋಂದುಗಳು ಸರಿಯಾಗಿ ಹಿಡಿಯುವುದೇ ಇಲ್ಲ. ಎಣ್ಣೆ ಸವರಿದ ಬಾಳೆಲೆಯ ಮೇಲೆ ನೀರು ಜಾರುವಂತೆ ಅದರ ಮೇಲ್ಮೈ ಗೋಂದನ್ನು ದೂರ ತಳ್ಳುತ್ತದೆ. ವಿಡಿಯೊ ಮಾಡಿದವರು ಬಣ್ಣ ಹೊಡೆದೊಡನೆ ಕ್ಯಾಮೆರಾ ಆರಿಸುತ್ತಾರೆ. ಮೂರು ತಿಂಗಳ ನಂತರದ ಬಂಪರ್ ಯಾರೂ ತೋರಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ: ಸೂಪರ್ ಗ್ಲೂವನ್ನು ಹತ್ತಿ ಬಟ್ಟೆಯ ಮೇಲೆ ಚೆಲ್ಲಬೇಡಿ, ಹತ್ತಿಯಿಂದ ಒರೆಸಲೂಬೇಡಿ. ಹತ್ತಿಯೊಂದಿಗೆ ಅದು ವೇಗವಾಗಿ ಬಿಸಿಯಾಗಿ ಚರ್ಮ ಸುಡಬಲ್ಲದು.

ಹಾಗಾದರೆ ಸೀಳಿದ ಪ್ಲಾಸ್ಟಿಕ್ ಬಂಪರ್‌ಗೆ ದಾರಿ? ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸೆಯುವ ಪ್ಲಾಸ್ಟಿಕ್ ವೆಲ್ಡಿಂಗ್, ಅಥವಾ ಹಿಂಬದಿಯಿಂದ ಬಿಸಿ ಸ್ಟೇಪಲ್ ಹೊಡೆಯುವುದು. ಇದನ್ನು ಮಾಡುವ ಗ್ಯಾರೇಜುಗಳು ಈಗ ಸಾಕಷ್ಟಿವೆ. ಫೈಬರ್‌ಗ್ಲಾಸ್ ಮ್ಯಾಟ್ ಮತ್ತು ರೆಸಿನ್ ಪಾಲಿಪ್ರೊಪಿಲೀನ್‌ಗೆ ಅಂಟದೆ ಹಾಳೆಯಂತೆ ಕಳಚಿ ಬರುತ್ತದೆ. ಹೊಸ ಕಾರುಗಳಲ್ಲಿ ಬಂಪರ್ ಹಿಂದೆ ರೇಡಾರ್ ಇರಬಹುದು. ಅದರ ಎದುರಿನ ಜಾಗಕ್ಕೆ ದಪ್ಪ ಪುಟ್ಟಿ ಮೆತ್ತಿದರೆ ಸಂಕೇತಕ್ಕೆ ಅಡ್ಡಿಯಾಗಬಹುದು.

ಫೈಬರ್‌ಗ್ಲಾಸ್ ಬಿರುಕಿನ ಮೇಲೆ ಪುಟ್ಟಿ ಬಳಿದರೆ ಯಾಕೆ ನಿಲ್ಲುವುದಿಲ್ಲ?

ಫೈಬರ್‌ಗ್ಲಾಸ್ ಮೇಲಿನ ಎಲ್ಲ ಗೆರೆಯೂ ಒಂದೇ ಅಲ್ಲ. ಜೇಡರ ಬಲೆಯಂಥ ಸಣ್ಣ ಗೆರೆಗಳು ಹಲವು ಸಲ ಬಣ್ಣ ಅಥವಾ ಅದರ ಕೆಳಗಿನ ಜೆಲ್ ಕೋಟ್ ಎಂಬ ಹೊರಪದರಕ್ಕಷ್ಟೇ ಸೀಮಿತ. ನೋಡಲು ಕೆಟ್ಟದು, ಬಲಕ್ಕೆ ತೊಂದರೆಯಿಲ್ಲ. ಆದರೆ ಬೆರಳಿನಿಂದ ಒತ್ತಿದಾಗ ಗೆರೆಯ ಎರಡೂ ಬದಿ ಬೇರೆ ಬೇರೆಯಾಗಿ ಅಲುಗಿದರೆ, ಹಿಂಬದಿಯಲ್ಲೂ ಅದೇ ಗೆರೆ ಕಂಡರೆ ಅಥವಾ ಸುತ್ತ ಬೆಳ್ಳಗಾಗಿದ್ದರೆ ಎಳೆಗಳೇ ತುಂಡಾಗಿವೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಚೆನ್ನಾಗಿರುವ ಕಡೆ ಟಣ್ ಎಂಬ ಸ್ಪಷ್ಟ ಸದ್ದು, ಪದರ ಬಿಟ್ಟಿರುವ ಕಡೆ ಬೋಳು ಸದ್ದು.

ಎಳೆ ತುಂಡಾದ ಮೇಲೆ ಪುಟ್ಟಿ ಮೆತ್ತುವುದೆಂದರೆ, ಕಂಬಿ ತುಂಡಾದ ಛಾವಣಿಗೆ ಮೇಲಿನಿಂದ ಸಿಮೆಂಟ್ ಬಳಿದಂತೆ. ಪುಟ್ಟಿಯಲ್ಲಿ ಎಳೆಯಿಲ್ಲ, ಎಳೆದಾಟ ತಡೆಯುವ ಶಕ್ತಿಯಿಲ್ಲ. ಜೊತೆಗೆ ಬಿರುಕಿನ ಚೂಪು ತುದಿಯಲ್ಲಿ ಬಲವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ಬಟ್ಟೆಗೆ ಕತ್ತರಿಯಿಂದ ಒಂದು ಚೂರು ಹಾಕಿ ಎಳೆದರೆ ಸರಕ್ಕನೆ ಹರಿಯುವುದು ಇದೇ ಕಾರಣಕ್ಕೆ. ಹಾಗಾಗಿ ಬಿರುಕು ತುದಿಯಿಂದ ಬೆಳೆಯುತ್ತಲೇ ಹೋಗುತ್ತದೆ.

ಸರಿಯಾದ ರಿಪೇರಿ ಹೇಗಿರುತ್ತದೆ?

ಇದು ಅಂಟಿಸುವ ಕೆಲಸವಲ್ಲ, ತುಂಡಾದ ಪದರಗಳನ್ನು ಮತ್ತೆ ಕಟ್ಟುವ ಕೆಲಸ. ಹಂತಗಳು ಹೀಗಿವೆ.

1. ಉಜ್ಜುವ ಮೊದಲೇ ಮೇಣ, ಪಾಲಿಶ್, ಎಣ್ಣೆ ಜಿಡ್ಡನ್ನು ತೊಳೆದು ಒರೆಸಬೇಕು. ಮೊದಲು ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಇಳಿದು ರೆಸಿನ್ ಹಿಡಿಯದಂತೆ ಮಾಡುತ್ತದೆ.

2. ಬಿರುಕಿನ ಎರಡೂ ತುದಿಗೆ ಸುಮಾರು 3 ಮಿಲಿಮೀಟರ್ ತೂತು ಕೊರೆಯುತ್ತಾರೆ. ಚೂಪು ತುದಿ ದುಂಡಗಾದಾಗ ಬಲ ಹಂಚಿಹೋಗಿ ಬಿರುಕು ನಿಲ್ಲುತ್ತದೆ.

3. ಬಿರುಕಿನುದ್ದಕ್ಕೂ ಅಂಚನ್ನು ನಿಧಾನ ಇಳಿಜಾರಾಗಿ ಉಜ್ಜಬೇಕು. ಇಳಿಜಾರಿನ ಅಗಲ ಹಾಳೆಯ ದಪ್ಪದ ಹನ್ನೆರಡು ಪಟ್ಟು ಇರಲಿ ಎಂಬುದು ದೋಣಿ ರಿಪೇರಿಯವರ ಹಳೆಯ ಲೆಕ್ಕ. ಅಂದರೆ 2.5 ಮಿಲಿಮೀಟರ್ ದಪ್ಪದ ಹಾಳೆಗೆ ಪ್ರತಿ ಬದಿಗೆ 30 ಮಿಲಿಮೀಟರ್. ಎರಡು ಹಗ್ಗ ಕೂಡಿಸುವಾಗ ತುದಿಗೆ ತುದಿ ಅಂಟಿಸುವುದಿಲ್ಲವಲ್ಲ. ಎಳೆಗಳನ್ನು ಒಂದರೊಳಗೊಂದು ದಾಟಿಸಿ ಹೊಸೆಯುತ್ತೇವೆ. ಇಲ್ಲೂ ಅದೇ ತತ್ವ.

4. ಹಿಂಬದಿಯನ್ನೂ ಉಜ್ಜಿ, ಅಲ್ಲಿಂದ ಮ್ಯಾಟ್ ಪದರ ಹಾಕುತ್ತಾರೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್‌ನ ಒಂದು ಪದರ ರೆಸಿನ್ ಕುಡಿದಾಗ ಸುಮಾರು 1 ಮಿಲಿಮೀಟರ್ ದಪ್ಪವಾಗುತ್ತದೆ. 20 ಸೆಂಟಿಮೀಟರ್ ಉದ್ದಗಲದ ಒಂದು ತುಂಡು 18 ಗ್ರಾಂ. ಅಂಥ ಮೂರು ಪದರಕ್ಕೆ 54 ಗ್ರಾಂ. ರೆಸಿನ್ ಮ್ಯಾಟ್ ತೂಕದ ಎರಡರಿಂದ ಎರಡೂವರೆ ಪಟ್ಟು, ಅಂದರೆ ಸುಮಾರು 110ರಿಂದ 135 ಗ್ರಾಂ ಸಾಕು.

5. ಬ್ರಶ್ಶನ್ನು ಎಳೆಯದೆ, ಒತ್ತಿ ಒತ್ತಿ ರೆಸಿನ್ ಕುಡಿಸಬೇಕು. ಮ್ಯಾಟ್ ಬಿಳಿ ಬಣ್ಣ ಕಳೆದುಕೊಂಡು ಪಾರದರ್ಶಕವಾದರೆ ರೆಸಿನ್ ಪೂರ್ತಿ ಇಳಿದಿದೆ ಎಂದರ್ಥ. ಬಿಳಿ ಮಚ್ಚೆ ಉಳಿದರೆ ಒಳಗೆ ಗಾಳಿ ಇದೆ, ಅಲ್ಲಿ ಬಲವಿಲ್ಲ.

6. ಅದು ಗಟ್ಟಿಯಾದ ಮೇಲೆ ಮುಂಬದಿಯ ತಗ್ಗನ್ನೂ ಮ್ಯಾಟ್‌ನಿಂದಲೇ ತುಂಬಿಸಿ, ಕೊನೆಗಷ್ಟೇ ತೆಳುವಾಗಿ ಪುಟ್ಟಿ, ಪ್ರೈಮರ್, ಬಣ್ಣ. ಉಜ್ಜಲು ವಾಟರ್ ಪೇಪರ್ ಬಳಸಿ ನೀರು ಹಾಕುತ್ತಿದ್ದರೆ ಧೂಳು ಏಳುವುದಿಲ್ಲ.

ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡ್‌ನರ್ ಪ್ರಮಾಣ ಸಾಮಾನ್ಯವಾಗಿ ತೂಕದ ಶೇ 1ರಿಂದ 2. ಅಂದರೆ 100 ಗ್ರಾಂಗೆ 1ರಿಂದ 2 ಗ್ರಾಂ ಮಾತ್ರ. ಡಬ್ಬಿಯ ಮೇಲೆ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಹಾರ್ಡ್‌ನರ್ ಹೆಚ್ಚಾದರೆ ಗಟ್ಟಿತನವೂ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾದರೆ ರೆಸಿನ್ ವಿಪರೀತ ಬಿಸಿಯಾಗಿ, ಕುಗ್ಗಿ, ತಾನೇ ಬಿರುಕು ಬಿಡುತ್ತದೆ. ಮೇಲ್ಮೈ ಅಂಟಂಟಾಗಿ ಉಳಿದರೆ ಗಾಬರಿಯಾಗಿ ಮತ್ತೆ ಹಾರ್ಡ್‌ನರ್ ಸುರಿಯುವವರಿದ್ದಾರೆ. ಗಾಳಿಯ ಆಮ್ಲಜನಕ ತಾಗುವ ಮೇಲ್ಪದರ ಪೂರ್ತಿ ಗಟ್ಟಿಯಾಗದಿರುವುದು ಈ ರೆಸಿನ್‌ನ ಸಹಜ ಗುಣ. ಒಳಗೆ ಅದು ಗಟ್ಟಿಯಾಗಿರುತ್ತದೆ.

ಎಪಾಕ್ಸಿ ರೆಸಿನ್ ಬೇರೆ. ಅದರ ಎರಡು ಭಾಗಗಳ ಅಳತೆ ಡಬ್ಬಿಯಲ್ಲಿ ಹೇಳಿದಷ್ಟೇ ಇರಬೇಕು, ಶೇ 1-2ರ ಲೆಕ್ಕ ಅಲ್ಲಿ ನಡೆಯದು. ಹಳೆಯ ಫೈಬರ್‌ಗ್ಲಾಸ್‌ಗೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರೊಂದಿಗೆ ಸಾಮಾನ್ಯ ಮ್ಯಾಟ್ ಬದಲು ನೇಯ್ದ ಗಾಜಿನ ಬಟ್ಟೆ ಬಳಸಬೇಕು. ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲ.

ವಿಡಿಯೊ ತೋರಿಸದ ನಾಲ್ಕು ಅಪಾಯಗಳು

ಕಣ್ಣು: ಪಾಲಿಯೆಸ್ಟರ್ ರೆಸಿನ್‌ನ ಹಾರ್ಡ್‌ನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಂಇಕೆಪಿ, ಅಂದರೆ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ನೋಡಲು ನೀರಿನಂತೆ, ಬರುವುದು ಪುಟ್ಟ ಬಾಟಲಿಯಲ್ಲಿ. ಒಂದು ಹನಿ ಕಣ್ಣಿಗೆ ಸಿಡಿದರೂ ಕಾರ್ನಿಯಾ ಸುಟ್ಟು ಶಾಶ್ವತವಾಗಿ ದೃಷ್ಟಿ ಹೋಗಬಹುದು. ಬರೀ ಕನ್ನಡಕ ಸಾಲದು, ಕಣ್ಣನ್ನು ಸುತ್ತಲೂ ಮುಚ್ಚುವ ಗಾಗಲ್ ಹಾಕಿಕೊಂಡೇ ಬಾಟಲಿಯ ಮುಚ್ಚಳ ತೆಗೆಯಬೇಕು. ಸಿಡಿದರೆ ಆ ಕ್ಷಣವೇ, ಒಂದು ನಿಮಿಷವೂ ಕಾಯದೆ, ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೆರೆದು ತೊಳೆಯಿರಿ. ಆಮೇಲೆ ನೇರವಾಗಿ ಕಣ್ಣಿನ ಆಸ್ಪತ್ರೆಗೆ. ಹಾಲು, ಎಣ್ಣೆ, ಮನೆಮದ್ದು ಯಾವುದೂ ಬೇಡ. ಕೆಲಸದ ಜಾಗದ ಪಕ್ಕದಲ್ಲಿ ನೀರಿಲ್ಲದಿದ್ದರೆ ಕೆಲಸ ಶುರುಮಾಡಬೇಡಿ.

ಬೆರಕೆ: ಕೆಲವು ಅಂಗಡಿಗಳಲ್ಲಿ ರೆಸಿನ್, ಕೋಬಾಲ್ಟ್ ಎಂಬ ನೇರಳೆ ಬಣ್ಣದ ವೇಗವರ್ಧಕ, ಹಾರ್ಡ್‌ನರ್ ಮೂರನ್ನೂ ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ಯಾವತ್ತೂ ನೇರವಾಗಿ ಬೆರೆಸಬಾರದು. ಹೊತ್ತಿಕೊಳ್ಳಬಹುದು, ಸ್ಫೋಟಿಸಲೂಬಹುದು. ಒಂದೇ ಚಮಚ, ಒಂದೇ ಸಿರಿಂಜ್‌ನಲ್ಲಿ ಎರಡನ್ನೂ ಅಳೆಯುವುದೂ ಅಪಾಯವೇ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತರುವುದು ಜಾಣತನ.

ಬೆಂಕಿ: ರೆಸಿನ್‌ನಲ್ಲಿರುವ ಸ್ಟೈರೀನ್‌ನ ಆವಿ ಸುಮಾರು 31 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಮಟ್ಟ ತಲುಪುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಇದಕ್ಕಿಂತ ಬಹಳ ಬಿಸಿ. ಒರೆಸಲು ಬಳಸುವ ಅಸಿಟೋನ್ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಬೀಡಿ, ಸಿಗರೇಟು, ಗ್ಯಾಸ್ ಒಲೆ, ಕಿಡಿ ಹಾರುವ ಗ್ರೈಂಡರ್ ಹತ್ತಿರ ಇರಬಾರದು. ಲೋಟದಲ್ಲಿ ದಪ್ಪಗೆ ಉಳಿದ ರೆಸಿನ್ ತಾನಾಗಿಯೇ 100 ಡಿಗ್ರಿಗೂ ಮೇಲೆ ಬಿಸಿಯಾಗಿ ಹೊಗೆಯಾಡಬಲ್ಲದು. ಅದನ್ನು ಕಸದ ಬುಟ್ಟಿಗೆ ಎಸೆಯದೆ ಬಯಲಿನಲ್ಲಿ ತಣಿಯಲು ಬಿಡಿ. ಹಾರ್ಡ್‌ನರ್ ಒರೆಸಿದ ಬಟ್ಟೆಯನ್ನೂ ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಉಳಿದ ಚೂರು, ಮ್ಯಾಟ್‌ಗಳಿಗೆ ಬೆಂಕಿ ಹಚ್ಚಲೂಬೇಡಿ.

ಉಸಿರು: ಕೋವಿಡ್ ಕಾಲದ ಎನ್95 ಮಾಸ್ಕ್ ಇದೆಯಲ್ಲ ಎನ್ನಬಹುದು. ಅದು ಧೂಳನ್ನು ತಡೆಯುತ್ತದೆ, ರಾಸಾಯನಿಕದ ಆವಿಯನ್ನಲ್ಲ. ಬಟ್ಟೆಯ ಮಾಸ್ಕ್ ಎರಡನ್ನೂ ಸರಿಯಾಗಿ ತಡೆಯದು. ಸ್ಟೈರೀನ್‌ಗೆ ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2018ರಲ್ಲಿ ಸ್ಟೈರೀನನ್ನು ಮನುಷ್ಯರಿಗೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿದೆ. ಈ ಗುಂಪು ಪುರಾವೆ ಎಷ್ಟು ಬಲವಾಗಿದೆ ಎಂದು ಹೇಳುತ್ತದೆಯೇ ಹೊರತು ಒಂದು ದಿನದ ಕೆಲಸದಿಂದ ಎಷ್ಟು ಅಪಾಯ ಎಂದಲ್ಲ. ಆದರೂ ಶೆಟರ್ ಎಳೆದ ಗ್ಯಾರೇಜಿನಲ್ಲಿ, ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲಿ ಮಾಡುವ ಕೆಲಸ ಇದಲ್ಲ. ತೆರೆದ ಜಾಗ, ನೆರಳು, ಗಾಳಿ ಇರಲಿ.

ಗಾಜಿನ ಪುಡಿ ಆಸ್ಬೆಸ್ಟಾಸ್‌ನಷ್ಟೇ ಅಪಾಯವೇ?

ಫೈಬರ್‌ಗ್ಲಾಸ್ ಧೂಳು ಆಸ್ಬೆಸ್ಟಾಸ್ ಇದ್ದಂತೆ, ಒಮ್ಮೆ ಒಳಗೆ ಹೋದರೆ ಕ್ಯಾನ್ಸರ್ ಖಚಿತ ಎಂಬ ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಇದೆ. ಇದು ಭಯದ ಅತಿರೇಕ.

ಆಸ್ಬೆಸ್ಟಾಸ್ ಎಳೆ ಉದ್ದಕ್ಕೆ ಸೀಳುತ್ತ ಸೀಳುತ್ತ ಇನ್ನಷ್ಟು ತೆಳ್ಳಗಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಬಾಡಿ ಕೆಲಸಕ್ಕೆ ಬಳಸುವ ಗಾಜಿನ ಎಳೆ ಹಾಗೆ ಉದ್ದಕ್ಕೆ ಸೀಳದೆ ಅಡ್ಡಕ್ಕೆ ತುಂಡಾಗುತ್ತದೆ, ದಪ್ಪ ಹಾಗೆಯೇ ಉಳಿಯುತ್ತದೆ. ಹೆಚ್ಚಿನವು ಮೂಗು, ಗಂಟಲಲ್ಲೇ ನಿಲ್ಲುವಷ್ಟು ದಪ್ಪ. ಈ ಬಗೆಯ ಗಾಜಿನ ಎಳೆಯನ್ನು ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪರಿಶೀಲಿಸಿ, ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸುವಷ್ಟು ಪುರಾವೆ ಇಲ್ಲ ಎಂಬ ಗುಂಪಿನಲ್ಲಿಟ್ಟಿದೆ.

ಹಾಗೆಂದು ಧೂಳು ಹಿತವಲ್ಲ. ಚರ್ಮ ತುರಿಸುತ್ತದೆ, ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ. ಅಸ್ತಮಾ ಇರುವವರಿಗೆ ಇನ್ನೂ ತೊಂದರೆ. ತುಂಬು ತೋಳಿನ ಅಂಗಿ, ಕೈಗವಸು, ಧೂಳಿನ ಮಾಸ್ಕ್ ಬೇಕೇ ಬೇಕು. ಎಳೆ ಚುಚ್ಚಿದರೆ ಉಜ್ಜಬೇಡಿ, ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಂದಿಗೆ ಒಗೆಯಬೇಡಿ.

ಎಲ್ಲಿ ಕೈ ಹಾಕಬಾರದು?

ಸ್ಪಾಯ್ಲರ್‌ನ ಅಂಚು, ಹಾರ್ಡ್‌ಟಾಪ್‌ನ ಸಣ್ಣ ಬಿರುಕು, ಚಕ್ರದ ಮೇಲಿನ ಅಲಂಕಾರದ ಪಟ್ಟಿ ಇಂಥವನ್ನು ತಾಳ್ಮೆಯಿರುವವರು ಮನೆಯಲ್ಲಿ ಮಾಡಬಹುದು. ಹಿಂಜ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿಯುವ ಜಾಗ, ಬಾಡಿ ಚಾಸಿಗೆ ಸೇರುವ ಬೋಲ್ಟ್‌ನ ಸುತ್ತ, ಹೊರಕವಚವೇ ಭಾರ ಹೊರುವ ಹಳೆಯ ಕಾರುಗಳ ಯಾವುದೇ ಸೀಳು, ಇವು ಕಲಿಯಲು ಆರಿಸಿಕೊಳ್ಳುವ ಜಾಗಗಳಲ್ಲ. ಅಪಘಾತದ ಕ್ಷಣದಲ್ಲಿ ಇವುಗಳ ಮೇಲೆ ಬೀಳುವ ಬಲ ಕಣ್ಣಳತೆಗೆ ಸಿಗುವಂಥದ್ದಲ್ಲ. ಬಸ್ ಬಾಡಿ ಕಟ್ಟುವವರು, ಕರಾವಳಿಯಲ್ಲಿ ದೋಣಿ ರಿಪೇರಿ ಮಾಡುವವರು ದಿನಾ ಈ ವಸ್ತುವಿನೊಂದಿಗೇ ಬದುಕುವವರು. ಸಾಮಾನ್ಯ ಟಿಂಕರಿಂಗ್ ಅಂಗಡಿಗಿಂತ ಅಂಥವರನ್ನು ಹುಡುಕುವುದು ಒಳ್ಳೆಯದು. ಹಳೆಯ ಕಾರು ಕೊಳ್ಳುವವರೂ ಇಷ್ಟು ನೆನಪಿಡಿ: ಫೈಬರ್‌ಗ್ಲಾಸ್ ಬಾಡಿಯ ಮೇಲಿನ ಹೊಸ ಬಣ್ಣ ನೋಡಿ ಒಪ್ಪದೆ, ಹಿಂಬದಿಗೆ ಕೈ ಹಾಕಿ ಮ್ಯಾಟ್ ಇದೆಯೋ, ಬರೀ ಪುಟ್ಟಿಯೋ ನೋಡಿ.

ಫಾರ್ವರ್ಡ್ ಒತ್ತುವ ಮುನ್ನ

ರಿಪೇರಿ ವಿಡಿಯೊ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ವಸ್ತು ಯಾವುದೆಂದು ಹೇಳಿದ್ದಾರೆಯೇ? ಹಿಂಬದಿ ತೋರಿಸಿದ್ದಾರೆಯೇ? ಕೆಲವು ತಿಂಗಳ ನಂತರ ಹೇಗಿದೆ ಎಂದು ತೋರಿಸಿದ್ದಾರೆಯೇ? ಮಾಡುತ್ತಿರುವವರ ಕಣ್ಣಿಗೆ ಗಾಗಲ್, ಕೈಗೆ ಗವಸು ಇದೆಯೇ? ನಾಲ್ಕಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ವಿಡಿಯೊ ನೋಡಿ ನಗಲಿಕ್ಕೆ ಸರಿ, ನಂಬಿ ಮಾಡಲಿಕ್ಕಲ್ಲ.

ಬಂಪರ್ ಹೋದರೆ ಇನ್ನೊಂದು ಬಂಪರ್ ಸಿಗುತ್ತದೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಈ ವಾರ ರೆಸಿನ್ ಡಬ್ಬಿ ತಂದು ಕೂತಿದ್ದರೆ, ಬೇರೇನೂ ಹೇಳದಿದ್ದರೂ ಪರವಾಗಿಲ್ಲ, ಮೊದಲು ಗಾಗಲ್ ತರಲು ಹೇಳಿ.